ಒಂದು ಕಣ್ಣಿಗೆ ಪರದೆ, ಇನ್ನೊಂದಕ್ಕೆ ಕತ್ತಲೆ: ಅಪಾಚೆ ಪೈಲಟ್‌ಗಳ ದೃಷ್ಟಿ ಮತ್ತು ಗಮನ ಕುರಿತ ಪ್ರಕರಣ ಅಧ್ಯಯನ

ಅಮೆರಿಕದ ಸೇನೆಯ ಎಎಚ್-64 ಅಪಾಚೆ ಹೆಲಿಕಾಪ್ಟರ್ 1980ರ ದಶಕದ ಮಧ್ಯದಲ್ಲಿ ಬಳಕೆಗೆ ಬಂದಾಗ, ಅದನ್ನು ಹಾರಿಸುವವರ ಕಣ್ಣಿಗೆ ಅಲ್ಲಿಯವರೆಗೆ ಅಭ್ಯಾಸವೇ ಇಲ್ಲದ ಒಂದು ಕೆಲಸ ಬಂದೊದಗಿತು. ರಾತ್ರಿ ಹೊತ್ತು ಮರಗಳ ತುದಿಯ ಮಟ್ಟದಲ್ಲಿ ಹಾರಬೇಕಾದ ಪೈಲಟ್, ಹೊರಗಿನ ನೆಲವನ್ನು ನೇರವಾಗಿ ಕಾಣುವ ಬದಲು, ಬಲಗಣ್ಣಿನ ಮುಂದೆ ಹೆಲ್ಮೆಟ್ಟಿಗೆ ಸಿಕ್ಕಿಸಿದ ಸಣ್ಣ ಗಾಜಿನ ಮೇಲೆ ಮೂಡುವ ಹಸಿರು ಚಿತ್ರದಲ್ಲಿ ಕಾಣಬೇಕಿತ್ತು. ಎಡಗಣ್ಣಿಗೆ ಯಾವ ಪರದೆಯೂ ಇರಲಿಲ್ಲ. ಅದು ಕಾಕ್‌ಪಿಟ್ಟಿನೊಳಗಿನ ಮಂದ ಬೆಳಕಿನ ಉಪಕರಣಗಳನ್ನು, ನಕ್ಷೆಯನ್ನು, ಗಾಜಿನಾಚೆಯ ಕತ್ತಲೆಯನ್ನು ನೋಡಿಕೊಂಡಿರಬೇಕಿತ್ತು. ಒಬ್ಬನೇ ಮನುಷ್ಯನ ಎರಡು ಕಣ್ಣುಗಳಿಗೆ ಎರಡು ಬೇರೆ ಲೋಕಗಳನ್ನು ಗಂಟೆಗಟ್ಟಲೆ ತೋರಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಇಷ್ಟು ದೀರ್ಘ ಕಾಲದ, ಇಷ್ಟು ವಿವರವಾದ ದಾಖಲೆ ಇರುವ ಪ್ರಕರಣ ನನಗೆ ತಿಳಿದಂತೆ ಬೇರೊಂದಿಲ್ಲ. ತಲೆಗೆ ತೊಡುವ ಪರದೆಗಳು ಈಗ ಮನೆಗಳಿಗೂ ಆಸ್ಪತ್ರೆಗಳಿಗೂ ಕಾರ್ಖಾನೆಗಳಿಗೂ ಬರುತ್ತಿರುವುದರಿಂದ ಈ ಹಳೆಯ ಪ್ರಕರಣವನ್ನು ಮತ್ತೊಮ್ಮೆ ಸಾವಧಾನವಾಗಿ ಓದಬೇಕಾಗಿದೆ.

ವ್ಯವಸ್ಥೆ

ಹನಿವೆಲ್ ಕಂಪನಿ ರೂಪಿಸಿದ ಈ ಹೆಲ್ಮೆಟ್ ವ್ಯವಸ್ಥೆಯನ್ನು ಪೈಲಟ್‌ಗಳು ಐಹ್ಯಾಡ್ಸ್ ಎಂದು ಕರೆಯುತ್ತಾರೆ. ಹೆಲಿಕಾಪ್ಟರಿನ ಮೂತಿಯಲ್ಲಿ ಶಾಖವನ್ನು ಗ್ರಹಿಸಿ ಚಿತ್ರ ಮೂಡಿಸುವ ಒಂದು ಥರ್ಮಲ್ ಕ್ಯಾಮೆರಾ ಇದೆ. ಪೈಲಟ್ ತಲೆಯನ್ನು ಯಾವ ಕಡೆಗೆ ತಿರುಗಿಸುತ್ತಾನೋ ಆ ಕಡೆಗೆ ಕ್ಯಾಮೆರಾ ಕೂಡ ತಿರುಗುತ್ತದೆ. ಅದು ಕಂಡ ಚಿತ್ರ ಹೆಲ್ಮೆಟ್ಟಿನ ಬಲಬದಿಯಲ್ಲಿರುವ ಒಂದು ಅಂಗುಲದಷ್ಟು ಚಿಕ್ಕ ಪಿಕ್ಚರ್ ಟ್ಯೂಬಿನಲ್ಲಿ ಮೂಡಿ, ಮಸೂರಗಳ ಮೂಲಕ ಹಾದು, ಕಣ್ಣಿನ ಮುಂದಿನ ಓರೆಗಾಜಿನಿಂದ ಪ್ರತಿಫಲಿಸಿ ಬಲಗಣ್ಣನ್ನು ಸೇರುತ್ತದೆ. ಚಿತ್ರದ ಮೇಲೆಯೇ ವೇಗ, ಎತ್ತರ, ದಿಕ್ಕು, ಎಂಜಿನ್ನಿನ ಬಲ ಮುಂತಾದವುಗಳ ಸಂಕೇತಗಳು ತೇಲುತ್ತಿರುತ್ತವೆ. ಚಿತ್ರದ ಹರವು ಅಡ್ಡಕ್ಕೆ 40 ಡಿಗ್ರಿ, ಉದ್ದಕ್ಕೆ 30 ಡಿಗ್ರಿ. ಮನುಷ್ಯನ ಎರಡೂ ಕಣ್ಣುಗಳು ಸೇರಿ ಸ್ವಾಭಾವಿಕವಾಗಿ ಅಡ್ಡಕ್ಕೆ ಸುಮಾರು 200 ಡಿಗ್ರಿಯಷ್ಟನ್ನು ಗ್ರಹಿಸುತ್ತವೆ ಎಂಬುದನ್ನು ನೆನೆದರೆ ಈ ಕಿಂಡಿ ಎಷ್ಟು ಇಕ್ಕಟ್ಟಿನದು ಎಂಬುದು ತಿಳಿಯುತ್ತದೆ.

ಪರದೆಯನ್ನು ಒಂದೇ ಕಣ್ಣಿಗೆ ಕೊಟ್ಟದ್ದಕ್ಕೆ ಮುಖ್ಯ ಕಾರಣ ತೂಕ. ಆ ಕಾಲದ ಪಿಕ್ಚರ್ ಟ್ಯೂಬುಗಳನ್ನೂ ಮಸೂರಗಳನ್ನೂ ಎರಡೂ ಕಣ್ಣಿಗೆ ಜೋಡಿಸಿದ್ದರೆ ಕುತ್ತಿಗೆ ತಾಳುತ್ತಿರಲಿಲ್ಲ. ಒಂದೇ ಕಣ್ಣಿನ ಹೆಲ್ಮೆಟ್ ಕೂಡ ಸುಮಾರು 1.8 ಕಿಲೋ ತೂಗುತ್ತಿತ್ತು. ಪರದೆ ಬಲಗಣ್ಣಿಗೇ ಏಕೆ ಎಂಬ ಪ್ರಶ್ನೆಯಲ್ಲಿ ಪೈಲಟ್‌ನ ಆಯ್ಕೆಗೆ ಅವಕಾಶವೇ ಇರಲಿಲ್ಲ. ಕೆಲವರಿಗೆ ಬಲಗೈ ಹೇಗೆ ಪ್ರಧಾನವೋ ಹಾಗೆಯೇ ಕೆಲವರಿಗೆ ಎಡಗಣ್ಣು ಪ್ರಧಾನವಾಗಿರುತ್ತದೆ. ಅಂಥವರೂ ಬಲಗಣ್ಣಿನಿಂದಲೇ ಹಾರಬೇಕಿತ್ತು.

ದೂರುಗಳು

ಅಲಬಾಮಾ ರಾಜ್ಯದ ಫೋರ್ಟ್ ರಕರ್‌ನಲ್ಲಿ ಅಮೆರಿಕದ ಸೇನೆಯ ಹಾರಾಟ ತರಬೇತಿ ಕೇಂದ್ರವೂ ಅದರ ವೈಮಾನಿಕ ವೈದ್ಯಕೀಯ ಸಂಶೋಧನಾಲಯವೂ ಒಟ್ಟಿಗೇ ಇವೆ. ಪೈಲಟ್‌ಗಳ ಗೊಣಗಾಟ ಸಂಶೋಧಕರ ಕಿವಿಗೆ ಬೀಳಲು ತಡವಾಗಲಿಲ್ಲ. 1990ರಲ್ಲಿ ಪ್ರಕಟವಾದ ಮೊದಲ ದೊಡ್ಡ ವರದಿಯಲ್ಲಿ 58 ಅಪಾಚೆ ಪೈಲಟ್‌ಗಳನ್ನು ಪ್ರಶ್ನಿಸಲಾಗಿತ್ತು. ಅವರಲ್ಲಿ ಶೇ 80ಕ್ಕಿಂತ ಹೆಚ್ಚು ಮಂದಿ ದೃಷ್ಟಿಗೆ ಸಂಬಂಧಿಸಿದ ಒಂದಾದರೂ ತೊಂದರೆಯನ್ನು ಹೇಳಿಕೊಂಡರು. ಹತ್ತು ವರ್ಷಗಳ ನಂತರ, 2000ದಲ್ಲಿ, 216 ಪೈಲಟ್‌ಗಳ ಸಮೀಕ್ಷೆ ನಡೆದಾಗ ಆ ಪ್ರಮಾಣ ಶೇ 92ಕ್ಕೆ ಏರಿತ್ತು. ಕಣ್ಣಿನ ಆಯಾಸ, ತಲೆನೋವು, ಮಂಜುಗಣ್ಣು, ಒಂದು ಎರಡಾಗಿ ಕಾಣುವುದು, ದಿಕ್ಕು ತಪ್ಪಿದಂತಾಗುವುದು, ಹೆಲ್ಮೆಟ್ ಕಳಚಿದ ಮೇಲೂ ಬಣ್ಣಗಳು ಬೇರೆಯಾಗಿ ಕಾಣುವುದು ಇವೇ ದೂರುಗಳು. ಕೊನೆಯದಕ್ಕೆ ಕಾರಣ ಸರಳವಾದದ್ದು. ಗಂಟೆಗಳ ಕಾಲ ಹಸಿರನ್ನೇ ಕಂಡ ಅಕ್ಷಿಪಟ ಹಸಿರಿಗೆ ಮಂಕಾಗುವುದರಿಂದ ಬಿಳಿಯ ವಸ್ತುವಿಗೆ ಸ್ವಲ್ಪ ಹೊತ್ತು ಬೇರೆ ಬಣ್ಣದ ಛಾಯೆ ಬರುತ್ತದೆ. ಅದು ತಾನಾಗಿಯೇ ಹೋಗುತ್ತದೆ, ಅಪಾಯವಿಲ್ಲ.

ಉಳಿದ ದೂರುಗಳನ್ನು ಅಷ್ಟು ಸುಲಭವಾಗಿ ಬದಿಗಿಡುವಂತಿರಲಿಲ್ಲ. ಸಂಶೋಧಕರನ್ನು ಕಾಡಿದ ಸಂಗತಿಯೆಂದರೆ, ಇಷ್ಟೆಲ್ಲ ತೊಂದರೆ ಹೇಳಿಕೊಳ್ಳುವವರ ಕಣ್ಣುಗಳನ್ನು ಪರೀಕ್ಷಾ ಕೊಠಡಿಯಲ್ಲಿ ಕೂರಿಸಿ ನೋಡಿದಾಗ ಅವು ಬಹುಮಟ್ಟಿಗೆ ಚೆನ್ನಾಗಿಯೇ ಇದ್ದವು. ಅಕ್ಷರಫಲಕವನ್ನು ಅವರು ಸರಾಗವಾಗಿ ಓದುತ್ತಿದ್ದರು.

ಫೋಕಸ್ ಉಂಗುರ

1990ರ ಅಧ್ಯಯನದ ಅತ್ಯಂತ ಬೆಲೆಬಾಳುವ ಭಾಗ, ನನ್ನ ದೃಷ್ಟಿಯಲ್ಲಿ, ಪ್ರಶ್ನಾವಳಿಯಲ್ಲ. ಹಾರಾಟಕ್ಕೆ ಸಿದ್ಧರಾದ 20 ಪೈಲಟ್‌ಗಳು ತಮ್ಮ ಪರದೆಯ ಫೋಕಸ್ಸನ್ನು ಎಲ್ಲಿಗೆ ತಿರುಗಿಸಿ ಇಟ್ಟುಕೊಂಡಿದ್ದಾರೆ ಎಂಬುದನ್ನು ಸಂಶೋಧಕರು ಅಳೆದು ನೋಡಿದರು. ಐಹ್ಯಾಡ್ಸ್‌ನಲ್ಲಿ ಚಿತ್ರವನ್ನು ಸ್ಪಷ್ಟಗೊಳಿಸಲು ತಿರುಗಿಸುವ ಒಂದು ಉಂಗುರವಿದೆ. ಸಾಮಾನ್ಯ ಕಣ್ಣಿನವರು ಅದನ್ನು ಸೊನ್ನೆಯ ಹತ್ತಿರ ಇಟ್ಟುಕೊಂಡರೆ, ಚಿತ್ರ ಬಹಳ ದೂರದಲ್ಲಿರುವಂತೆ ಬೆಳಕಿನ ಕಿರಣಗಳು ಸಮಾನಾಂತರವಾಗಿ ಕಣ್ಣಿಗೆ ಬರುತ್ತವೆ. ಕಣ್ಣಿನ ಮಸೂರ ಪೂರ್ತಿ ಸಡಿಲವಾಗಿ ವಿಶ್ರಾಂತಿಯಲ್ಲಿರುತ್ತದೆ. ಆದರೆ ಅಳತೆಯಲ್ಲಿ ಕಂಡುಬಂದದ್ದು ಬೇರೆಯೇ. ಮಸೂರದ ಬಲದ ಅಳತೆಯಾದ ಡಯಾಪ್ಟರ್‌ನಲ್ಲಿ ಹೇಳುವುದಾದರೆ, ಸೊನ್ನೆಯಿಂದ ಮೈನಸ್ 5.25ರವರೆಗೆ ಉಂಗುರಗಳು ಹರಡಿದ್ದವು. ಸರಾಸರಿ ಮೈನಸ್ 2.28.

ಕನ್ನಡಕ ಧರಿಸುವವರಿಗೆ ಈ ಅಂಕಿಗಳ ಅರ್ಥ ಬೇಗ ಹೊಳೆಯುತ್ತದೆ. ಮೈನಸ್ 2.28 ಎಂದರೆ ಚಿತ್ರವು ಕಣ್ಣಿನಿಂದ ಸುಮಾರು 44 ಸೆಂಟಿಮೀಟರ್ ದೂರದಲ್ಲಿ, ಅಂದರೆ ಪುಸ್ತಕ ಓದುವ ದೂರದಲ್ಲಿ, ಇದ್ದಂತೆ. ಮೈನಸ್ 5.25 ಎಂದರೆ 19 ಸೆಂಟಿಮೀಟರ್, ಮೂಗಿನ ತುದಿಗೆ ಹತ್ತಿರ ಹತ್ತಿರ. ಹೀಗೆ ಇಟ್ಟುಕೊಂಡ ಪೈಲಟ್‌ನ ಬಲಗಣ್ಣಿನ ಮಸೂರ ಹಾರಾಟದುದ್ದಕ್ಕೂ ಬಿಗಿಹಿಡಿದೇ ಇರಬೇಕು. ತೊಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಎರಡು ಕಣ್ಣುಗಳ ಮಸೂರಗಳು ಒಂದೇ ನರದಾಜ್ಞೆಗೆ ಒಟ್ಟಿಗೆ ಬಿಗಿಯಾಗಿ ಒಟ್ಟಿಗೆ ಸಡಿಲವಾಗುತ್ತವೆ; ಬಲಗಣ್ಣನ್ನು 44 ಸೆಂಟಿಮೀಟರಿಗೂ ಎಡಗಣ್ಣನ್ನು ದೂರದ ಬೆಟ್ಟಕ್ಕೂ ಏಕಕಾಲದಲ್ಲಿ ಹೊಂದಿಸಿಕೊಳ್ಳಲು ಮನುಷ್ಯನಿಗೆ ಸಾಧ್ಯವಿಲ್ಲ. ಪರದೆ ಸ್ಪಷ್ಟವಾಗಿ ಕಂಡರೆ ಎಡಗಣ್ಣಿಗೆ ಕಾಣುವ ಹೊರಗಿನ ದೀಪ ಮಂಜಾಗುತ್ತದೆ, ಎಡಗಣ್ಣಿಗೆ ದೀಪ ಸ್ಪಷ್ಟವಾದರೆ ಪರದೆ ಮಂಜಾಗುತ್ತದೆ. ಮಂಜುಗಣ್ಣು, ತಲೆನೋವು ಎಂಬ ದೂರುಗಳ ಒಂದು ದೊಡ್ಡ ಪಾಲನ್ನು ಈ ಒಂದು ಉಂಗುರದಿಂದಲೇ ವಿವರಿಸಬಹುದು ಎಂದು ನಾನು ನಂಬುತ್ತೇನೆ.

ನುರಿತ ಪೈಲಟ್‌ಗಳು ಉಂಗುರವನ್ನು ಅಷ್ಟು ತಪ್ಪಾಗಿ ಏಕೆ ತಿರುಗಿಸಿಕೊಂಡರು? ಅದರಲ್ಲಿ ಅಜಾಗರೂಕತೆಯನ್ನು ಹುಡುಕುವುದು ನ್ಯಾಯವಲ್ಲ. ಉಂಗುರವನ್ನು ಮೈನಸ್ ಕಡೆಗೆ ತಿರುಗಿಸುತ್ತ ಹೋದಂತೆಲ್ಲ ಯುವಕರ ಕಣ್ಣು ತಾನೂ ಬಿಗಿಯಾಗುತ್ತ ಹೋಗಿ ಚಿತ್ರವನ್ನು ಸ್ಪಷ್ಟವಾಗಿಯೇ ಉಳಿಸುತ್ತದೆ. ಹೀಗಾಗಿ ಎಲ್ಲಿ ನಿಲ್ಲಿಸಬೇಕೆಂಬ ಸೂಚನೆ ಕಣ್ಣಿಗೆ ದೊರೆಯುವುದೇ ಇಲ್ಲ. ಇದರ ಜೊತೆಗೆ, ಕತ್ತಲೆಯಲ್ಲಿ ದಿಟ್ಟಿಸಲು ಏನೂ ಇಲ್ಲದಾಗ ಕಣ್ಣು ದೂರಕ್ಕೆ ಸಡಿಲಗೊಳ್ಳದೆ ಹತ್ತಿರದ ಯಾವುದೋ ಒಂದು ದೂರಕ್ಕೆ ತಾನೇ ಬಂದು ನೆಲೆಗೊಳ್ಳುತ್ತದೆ. ಕಣ್ಣಿಗೆ ಹಚ್ಚಿ ನೋಡುವ ಸೂಕ್ಷ್ಮದರ್ಶಕದಂಥ ಉಪಕರಣಗಳಲ್ಲೂ ಇದೇ ಪ್ರವೃತ್ತಿ ಕಾಣುತ್ತದೆ. ಸರಿಯಾದ ಕ್ರಮ ಹೀಗಿದೆ: ಉಂಗುರವನ್ನು ಮೊದಲು ಪ್ಲಸ್ ಕಡೆಗೆ, ಚಿತ್ರ ಮಸುಕಾಗುವವರೆಗೆ ತಿರುಗಿಸಬೇಕು, ಆ ಮೇಲೆ ನಿಧಾನವಾಗಿ ಹಿಂದಕ್ಕೆ ತರುತ್ತ, ಚಿತ್ರ ಮೊದಲ ಸಲ ಸ್ಪಷ್ಟವಾದ ಕ್ಷಣದಲ್ಲಿ ಕೈಬಿಡಬೇಕು. ಇನ್ನೂ ಸ್ವಲ್ಪ ತಿರುಗಿಸಿದರೆ ಇನ್ನೂ ಚೆನ್ನಾಗಬಹುದೇನೋ ಎಂಬ ಆಸೆಯೇ ಇಲ್ಲಿ ತಪ್ಪಿಗೆ ದಾರಿ. ನಲವತ್ತು ದಾಟಿ ಚಾಳೀಸು ಬಂದ ಪೈಲಟ್‌ಗೆ ಈ ಆಸೆ ಸಹಜವಾಗಿಯೇ ಕೈಗೂಡುವುದಿಲ್ಲ, ಏಕೆಂದರೆ ಅವನ ಮಸೂರ ಅಷ್ಟು ಬಿಗಿಯಾಗಲಾರದು.

ಕಣ್ಣುಗಳ ಪೈಪೋಟಿ

ಫೋಕಸ್ ಸರಿಮಾಡಿದರೂ ಉಳಿಯುವ ತೊಂದರೆಯೊಂದಿದೆ. ಎರಡು ಕಣ್ಣುಗಳಿಗೆ ಒಂದಕ್ಕೊಂದು ಹೊಂದದ ಎರಡು ಚಿತ್ರಗಳು ಬಂದಾಗ ಮಿದುಳು ಅವನ್ನು ಬೆರೆಸುವುದಿಲ್ಲ. ಒಮ್ಮೆ ಒಂದನ್ನು ಮುಂದೆ ತಂದು ಇನ್ನೊಂದನ್ನು ಅಡಗಿಸುತ್ತದೆ, ಕೆಲವು ಕ್ಷಣಗಳ ನಂತರ ಅದಲುಬದಲು ಮಾಡುತ್ತದೆ. ಅಪಾಚೆಯಲ್ಲಿ ಬಲಗಣ್ಣಿಗೆ ಪ್ರಕಾಶಮಾನವಾದ, ಚಲಿಸುವ ಹಸಿರು ಚಿತ್ರ, ಎಡಗಣ್ಣಿಗೆ ಕತ್ತಲೆ. ಹೆಚ್ಚು ಬೆಳಕು, ಹೆಚ್ಚು ಚಲನೆ, ಹೆಚ್ಚು ಗೆರೆಗಳಿರುವ ಚಿತ್ರ ಗೆಲ್ಲುವುದು ಈ ಪೈಪೋಟಿಯ ನಿಯಮವಾದ್ದರಿಂದ ಬಹುಪಾಲು ಹೊತ್ತು ಪರದೆಯೇ ಗೆಲ್ಲುತ್ತದೆ, ಮತ್ತು ಅದೇ ಬೇಕಾದದ್ದು ಕೂಡ. ಆದರೆ ದಾರಿಯ ಮೇಲೊಂದು ಊರು ಬಂದು, ಎಡಗಣ್ಣಿಗೆ ಅದರ ದೀಪಗಳು ಹೊಳೆದರೆ, ಇಲ್ಲವೇ ಕಾಕ್‌ಪಿಟ್ಟಿನೊಳಗೆ ಒಂದು ಎಚ್ಚರಿಕೆಯ ದೀಪ ಹತ್ತಿದರೆ, ಪರದೆಯ ಚಿತ್ರ ಪೈಲಟ್ ಬಯಸದಿದ್ದರೂ ಕೆಲ ಕ್ಷಣ ಮರೆಯಾಗಬಹುದು. ನಕ್ಷೆ ನೋಡಬೇಕೆಂದರೆ ಹಸಿರು ಚಿತ್ರ ನಕ್ಷೆಯ ಮೇಲೆ ಬಂದು ಕೂರುತ್ತದೆ. ಆಗ ಅನೇಕರು ಒಂದು ಕಣ್ಣನ್ನು ಮುಚ್ಚಿಕೊಂಡು ನಿಭಾಯಿಸುತ್ತಿದ್ದರು.

ತರಬೇತಿಯಲ್ಲಿ ಇದಕ್ಕೆ ಮದ್ದಾಗಿ ಬಳಸುವ ವಿಧಾನಕ್ಕೆ ಪೈಲಟ್‌ಗಳ ಮಾತಿನಲ್ಲಿ ಬ್ಯಾಗ್ ಎಂದು ಹೆಸರು. ಹಿಂದಿನ ಆಸನದ ಗಾಜುಗಳನ್ನೆಲ್ಲ ಹೊರಗಿನ ಬೆಳಕು ನುಸುಳದಂತೆ ಮುಚ್ಚಿ, ಮುಂದಿನ ಆಸನದಲ್ಲಿ ತರಬೇತುದಾರನನ್ನು ಕೂರಿಸಿ, ಕಲಿಯುವವನು ಬಲಗಣ್ಣಿನ ಪರದೆಯೊಂದರಿಂದಲೇ ಹೆಲಿಕಾಪ್ಟರನ್ನು ಹಾರಿಸುವಂತೆ ಮಾಡಲಾಗುತ್ತದೆ. ಇಲ್ಲಿ ಕಣ್ಣು ಬದಲಾಗುವುದಿಲ್ಲ. ಯಾವ ಕಣ್ಣಿನ ಸುದ್ದಿಗೆ ಯಾವಾಗ ಕಿವಿಗೊಡಬೇಕು ಎಂಬುದನ್ನು ಮಿದುಳು ಕಲಿಯುತ್ತದೆ.

ಮೂತಿಯಲ್ಲಿರುವ ಕಣ್ಣು

ಇನ್ನೊಂದು ವಿಷಯವನ್ನು ಗಮನಿಸದೆ ಈ ಪ್ರಕರಣ ಅರ್ಥವಾಗದು. ಕ್ಯಾಮೆರಾ ಇರುವುದು ಪೈಲಟ್‌ನ ಕಣ್ಣಿನ ಬಳಿಯಲ್ಲ. ಕಣ್ಣಿಗಿಂತ ಸುಮಾರು 3 ಮೀಟರ್ ಮುಂದೆ, 1 ಮೀಟರ್ ಕೆಳಗೆ. ಪೈಲಟ್ ತಲೆಯನ್ನು ಪಕ್ಕಕ್ಕೆ ತಿರುಗಿಸಿದಾಗ ತಾನು ಕೂತ ಜಾಗದಿಂದ ಏನು ಕಾಣಬೇಕೋ ಅದು ಕಾಣದೆ, ಮೂತಿಯ ತುದಿಯಿಂದ ಕಾಣುವುದು ಕಾಣುತ್ತದೆ. ಇಳಿಯುವಾಗ ನೆಲ ಇದ್ದದ್ದಕ್ಕಿಂತ ಹತ್ತಿರವೆನಿಸುತ್ತದೆ. ಒಂದೇ ಕ್ಯಾಮೆರಾ ಆದ್ದರಿಂದ ಎರಡು ಕಣ್ಣುಗಳ ನೋಟದ ವ್ಯತ್ಯಾಸದಿಂದ ಬರುವ ಆಳದ ಅರಿವೂ ಇಲ್ಲ. ಸೂಕ್ಷ್ಮತೆಯೂ ಕಡಿಮೆ: ಮೊದಲ ತಲೆಮಾರಿನ ಈ ಚಿತ್ರದಲ್ಲಿ 6/6 ದೃಷ್ಟಿಯ ಪೈಲಟ್ ಹೆಚ್ಚೆಂದರೆ 6/18ರವನಂತೆ ನೋಡಬಲ್ಲವನಾಗಿದ್ದ, ಅಂದರೆ ಸಾಮಾನ್ಯ ಕಣ್ಣು 18 ಮೀಟರಿನಿಂದ ಗುರುತಿಸುವುದನ್ನು ಗುರುತಿಸಲು ಅವನು 6 ಮೀಟರಿನಷ್ಟು ಹತ್ತಿರವಿರಬೇಕಿತ್ತು. ಚಿತ್ರ ಮೂಡುವುದು ಶಾಖದಿಂದಾದ್ದರಿಂದ, ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ನೆಲ, ಗಿಡ, ಕಲ್ಲು ಎಲ್ಲದರ ಉಷ್ಣತೆ ಒಂದಾಗುವ ಹೊತ್ತಿಗೆ ಚಿತ್ರ ಪೇಲವವಾಗುತ್ತದೆ.

ಪೈಲಟ್‌ಗಳು ವರದಿ ಮಾಡಿದ ಭ್ರಮೆಗಳಲ್ಲಿ ನೆಲದ ಇಳಿಜಾರನ್ನು ತಪ್ಪಾಗಿ ಅಂದಾಜಿಸುವುದು, ಎತ್ತರವನ್ನು ತಪ್ಪಾಗಿ ಅಳೆಯುವುದು, ಎದುರಿನ ವಸ್ತುವನ್ನು ಎಷ್ಟು ಬೇಗ ಸಮೀಪಿಸುತ್ತಿದ್ದೇವೆ ಎಂಬುದು ತಿಳಿಯದೇ ಹೋಗುವುದು ಮತ್ತು ಅರಿವಿಗೆ ಬಾರದ ಸರಿತ ಪದೇ ಪದೇ ಕಾಣಿಸಿಕೊಳ್ಳುತ್ತವೆ. ಸರಿತ ಎಂದರೆ, ಗಾಳಿಯಲ್ಲಿ ಒಂದೇ ಕಡೆ ನಿಂತಿದ್ದೇನೆ ಎಂದು ಪೈಲಟ್ ನಂಬಿರುವಾಗಲೇ ಹೆಲಿಕಾಪ್ಟರ್ ನಿಧಾನವಾಗಿ ಪಕ್ಕಕ್ಕೋ ಹಿಂದಕ್ಕೋ ಜಾರುತ್ತಿರುವುದು. ನಾವು ನಿಂತಿದ್ದೇವೋ ಚಲಿಸುತ್ತಿದ್ದೇವೋ ಎಂಬುದನ್ನು ಮುಖ್ಯವಾಗಿ ತಿಳಿಸುವುದು ನೋಟದ ಅಂಚು, ದಿಟ್ಟಿಸುವ ನಡುಭಾಗವಲ್ಲ. 40 ಡಿಗ್ರಿಯ ಕಿಂಡಿಯಲ್ಲಿ ಆ ಅಂಚೇ ಕತ್ತರಿಸಿಹೋಗಿರುತ್ತದೆ. ಅದನ್ನು ತುಂಬಿಕೊಳ್ಳಲು ಪೈಲಟ್ ಸದಾ ತಲೆಯನ್ನು ಅತ್ತಿತ್ತ ಆಡಿಸುತ್ತ, ಕಂಡ ತುಣುಕುಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳಬೇಕು. ಇದು ಕಣ್ಣಿನ ದುಡಿಮೆಯಲ್ಲ, ಗಮನದ ದುಡಿಮೆ.

ಗಮನದ ಮೇಲೆ ಇನ್ನೊಂದು ಹೊರೆ ಸಂಕೇತಗಳದ್ದು. ವೇಗ, ಎತ್ತರಗಳ ಅಂಕಿಗಳನ್ನು ನೋಟದ ಮುಂದೆಯೇ ಇಟ್ಟರೆ ಪೈಲಟ್ ತಲೆ ತಗ್ಗಿಸಿ ಉಪಕರಣ ನೋಡುವ ಅಗತ್ಯವಿರದು, ಆದ್ದರಿಂದ ಹೊರಗಿನ ದೃಶ್ಯ ತಪ್ಪಿಹೋಗದು ಎಂಬ ತರ್ಕ ಕೇಳಲು ಸೊಗಸಾಗಿದೆ. ಆದರೆ ಒಂದರ ಮೇಲೊಂದು ಇಟ್ಟ ಮಾತ್ರಕ್ಕೆ ಎರಡನ್ನೂ ಏಕಕಾಲಕ್ಕೆ ಗಮನಿಸಿದಂತಾಗುವುದಿಲ್ಲ. ಇದನ್ನು ಹೆಲ್ಮೆಟ್ ಪರದೆಗಿಂತ ಮೊದಲೇ, ಕಾಕ್‌ಪಿಟ್ಟಿನ ಗಾಜಿನ ಮೇಲೆ ಅಂಕಿಗಳನ್ನು ತೋರಿಸುವ ಪರದೆಯೊಂದಿಗೆ ನಾಸಾದ ಏಮ್ಸ್ ಕೇಂದ್ರದಲ್ಲಿ ನಡೆದು 1980ರಲ್ಲಿ ವರದಿಯಾದ ಪ್ರಯೋಗವೊಂದು ತೋರಿಸಿಕೊಟ್ಟಿತ್ತು. ಕೃತಕ ಕಾಕ್‌ಪಿಟ್ಟಿನಲ್ಲಿ ವಿಮಾನ ಇಳಿಸುತ್ತಿದ್ದ ಎಂಟು ಮಂದಿ ಅನುಭವಿ ಪೈಲಟ್‌ಗಳಲ್ಲಿ ಇಬ್ಬರು, ರನ್‌ವೇ ಮೇಲೆ ಅಡ್ಡ ಬಂದ ಮತ್ತೊಂದು ವಿಮಾನವನ್ನು ನೋಡಲೇ ಇಲ್ಲ. ಅವರ ಕಣ್ಣು ಆ ದಿಕ್ಕಿಗೇ ನೆಟ್ಟಿತ್ತು. ಗಮನ ಮಾತ್ರ ಅಂಕಿಗಳಲ್ಲಿತ್ತು. ಅಪಾಚೆಯಲ್ಲಿ ಈ ಸಮಸ್ಯೆ ಇನ್ನಷ್ಟು ತೊಡಕಾಗುತ್ತದೆ. ಗಾಜಿನ ಪರದೆಯಾದರೆ ಪೈಲಟ್ ತಲೆ ತಿರುಗಿಸಿ ಅದರಿಂದ ತಪ್ಪಿಸಿಕೊಳ್ಳಬಹುದು. ಹೆಲ್ಮೆಟ್ ಪರದೆ ತಲೆಯೊಂದಿಗೇ ತಿರುಗುತ್ತದೆ. ಸಾಲದ್ದಕ್ಕೆ, ಅಪಾಚೆಯ ಪರದೆಯ ದಿಗಂತರೇಖೆ ಹೆಲಿಕಾಪ್ಟರಿನ ವಾಲುವಿಕೆಯನ್ನು ಹೇಳುತ್ತದೆಯೇ ಹೊರತು ಪೈಲಟ್ ನೋಡುತ್ತಿರುವ ದಿಕ್ಕಿನ ದಿಗಂತವನ್ನಲ್ಲ. ಪಕ್ಕಕ್ಕೆ ತಿರುಗಿ ನೋಡುವಾಗ ಚಿತ್ರದಲ್ಲಿನ ನಿಜವಾದ ದಿಗಂತಕ್ಕೂ ಅದರ ಮೇಲಿನ ಗೆರೆಗೂ ಸಂಬಂಧವಿರುವುದಿಲ್ಲ. ಅದನ್ನು ಅರ್ಥಮಾಡಿಕೊಳ್ಳುವುದು ಮತ್ತೆ ಪೈಲಟ್‌ನ ಮನಸ್ಸಿಗೇ ಬಿಟ್ಟ ಕೆಲಸ.

ಶಾಶ್ವತ ಹಾನಿಯ ಪ್ರಶ್ನೆ

ಬ್ರಿಟಿಷ್ ಸೇನೆ ಅಪಾಚೆಯನ್ನು ಕೊಂಡಾಗ ಒಂದು ಅಪರೂಪದ ಅವಕಾಶ ಒದಗಿತು. ಅಮೆರಿಕದ ಸಂಶೋಧಕರೂ ಬ್ರಿಟನ್ನಿನ ಸೇನಾ ವೈದ್ಯರೂ ಸೇರಿ 2000ದಲ್ಲಿ ಆರಂಭಿಸಿ ಸುಮಾರು ಹತ್ತು ವರ್ಷಗಳವರೆಗೆ ಯೋಜಿಸಿದ ಅಧ್ಯಯನದಲ್ಲಿ, ಅಪಾಚೆ ಪೈಲಟ್‌ಗಳನ್ನೂ, ಹೋಲಿಕೆಗಾಗಿ ಬೇರೆ ಹೆಲಿಕಾಪ್ಟರ್ ಹಾರಿಸುವ ಪೈಲಟ್‌ಗಳನ್ನೂ ಕಾಲಕಾಲಕ್ಕೆ ಪರೀಕ್ಷಿಸುತ್ತ ಹೋದರು. ಈ ಅಧ್ಯಯನದ ಚೆಲುವು ಇರುವುದು ಒಂದು ಕಣ್ಣಿನ ವಿನ್ಯಾಸದಲ್ಲಿಯೇ: ಪರದೆ ಬಲಗಣ್ಣಿಗೆ ಮಾತ್ರ ಇರುವುದರಿಂದ ಅದೇ ವ್ಯಕ್ತಿಯ ಎಡಗಣ್ಣು ಹೋಲಿಕೆಗೆ ಸಿದ್ಧವಾಗಿ ಇದೆ. ವಯಸ್ಸು, ಆಹಾರ, ನಿದ್ದೆ, ವಂಶವಾಹಿ ಎಲ್ಲವೂ ಎರಡೂ ಕಣ್ಣಿಗೆ ಒಂದೇ. ಬಲಗಣ್ಣು ಎಡಗಣ್ಣಿಗಿಂತ ಬೇಗ ಕೆಡುತ್ತಿದ್ದರೆ ಅದು ಬಯಲಾಗಲೇಬೇಕಿತ್ತು. ಒಂದು ಕಣ್ಣಿನ ಪರದೆಯ ಬಳಕೆಯಿಂದ ದೃಷ್ಟಿ ಶಾಶ್ವತವಾಗಿ ಕುಂದುತ್ತದೆ ಎಂಬ ಶಂಕೆಗೆ ಆಧಾರ ಸಿಗಲಿಲ್ಲ.

ಈ ಫಲಿತಾಂಶದಿಂದ ನೆಮ್ಮದಿ ಪಡುವುದು ಸರಿ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ಹಿಂಡಬಾರದು. ಆರಿಸಿ ತೆಗೆದ, ಆರೋಗ್ಯವಂತ, ತೊಂದರೆ ತಾಳಬಲ್ಲ ಪ್ರಾಯದ ವಯಸ್ಕರ ಕಣ್ಣುಗಳಿಂದ ಬಂದ ಉತ್ತರವನ್ನು ಬೆಳೆಯುತ್ತಿರುವ ಮಗುವಿನ ಕಣ್ಣಿಗೆ ಅನ್ವಯಿಸಲು ಬರುವುದಿಲ್ಲ. ಇನ್ನೂ ಮುಖ್ಯವಾದ ಮಾತೆಂದರೆ, ಶೇ 92ರಷ್ಟು ಪೈಲಟ್‌ಗಳ ದೂರು ಸುಳ್ಳೂ ಅಲ್ಲ, ಕಣ್ಣಿನ ವೈದ್ಯರ ವರದಿ ತಪ್ಪೂ ಅಲ್ಲ. ಪರೀಕ್ಷಾ ಕೊಠಡಿಯಲ್ಲಿ ಕಣ್ಣಿಗೆ ಒಂದು ಸಮಯಕ್ಕೆ ಒಂದೇ ಕೆಲಸ ಕೊಡಲಾಗುತ್ತದೆ, ಮತ್ತು ಕೆಲಸ ಮುಗಿದ ಮೇಲೆ ವಿಶ್ರಾಂತಿ ಸಿಗುತ್ತದೆ. ಹಾರಾಟದಲ್ಲಿ ಬೇರೆ ಬೇರೆ ದೂರ, ಬೆಳಕು, ದಿಕ್ಕು ಇರುವ ಎರಡು ದೃಶ್ಯಗಳನ್ನು ಬಿಡುವಿಲ್ಲದೆ ಒಂದಾಗಿಸುವ ಹೊರೆ ಬೀಳುತ್ತದೆ. ಆ ಹೊರೆಯನ್ನು ಅಕ್ಷರಫಲಕ ಅಳೆಯಲಾರದು.

ನಮ್ಮಲ್ಲಿ

ಭಾರತೀಯ ವಾಯುಪಡೆ 2019ರ ಸೆಪ್ಟೆಂಬರಿನಲ್ಲಿ ಪಠಾಣ್‌ಕೋಟ್‌ನಲ್ಲಿ ಅಪಾಚೆಯನ್ನು ಸೇವೆಗೆ ಸೇರಿಸಿಕೊಂಡಿತು. ಭೂಸೇನೆಯ ಅಪಾಚೆಗಳ ಮೊದಲ ತಂಡ 2025ರಲ್ಲಿ ಬಂತು. ಈಗಿನ ಕ್ಯಾಮೆರಾಗಳ ಚಿತ್ರ ಹಿಂದಿನದಕ್ಕಿಂತ ಬಹಳ ಸ್ಪಷ್ಟ, ಆದರೆ ಕ್ಯಾಮೆರಾ ಈಗಲೂ ಮೂತಿಯಲ್ಲೇ ಇದೆ. ಇತ್ತ ಬೆಂಗಳೂರಿನ ಎಚ್‌ಎಎಲ್ ತಯಾರಿಸುವ ರುದ್ರ ಮತ್ತು ಪ್ರಚಂಡ ಹೆಲಿಕಾಪ್ಟರುಗಳಿಗೆ ಆಯ್ದುಕೊಂಡದ್ದು ಫ್ರಾನ್ಸಿನ ಥೇಲ್ಸ್ ಕಂಪನಿಯ ಟಾಪ್‌ಔಲ್ ಹೆಲ್ಮೆಟ್. ಇದರಲ್ಲಿ ಚಿತ್ರ ಎರಡೂ ಕಣ್ಣಿಗೆ ಬರುತ್ತದೆ. ಆದ್ದರಿಂದ ಪೈಪೋಟಿಯ ತೊಂದರೆ ಇಲ್ಲ. ಅದರ ಬದಲು ಬೇರೊಂದಿದೆ. ಟಾಪ್‌ಔಲ್‌ನಲ್ಲಿ ಮಂದ ಬೆಳಕನ್ನು ಹೆಚ್ಚಿಸುವ ಕೊಳವೆಗಳು ಹೆಲ್ಮೆಟ್ಟಿನ ಎರಡು ಪಕ್ಕಗಳಲ್ಲಿವೆ, ಅವುಗಳ ನಡುವಿನ ಅಂತರ 286 ಮಿಲಿಮೀಟರ್. ನಮ್ಮ ಕಣ್ಣುಗಳ ನಡುವಿನ ಅಂತರ ಸುಮಾರು 64 ಮಿಲಿಮೀಟರ್ ಮಾತ್ರ. ನಾಲ್ಕು ಪಟ್ಟಿಗೂ ಹೆಚ್ಚು ಅಗಲಿಸಿದ ಈ ಕಣ್ಣುಗಳಿಂದ ಆಳದ ಅರಿವು ಅತಿಯಾಗಿ, ನೆಲದ ಬಳಿ ನಿಂತಾಗ ಹೆಲಿಕಾಪ್ಟರ್ ಬೋಗುಣಿಯ ತಳದಲ್ಲಿರುವಂತೆಯೂ ಸುತ್ತಲಿನ ನೆಲ ಮೇಲೆದ್ದಂತೆಯೂ ಕಾಣುತ್ತದೆ. ಅಪಾಚೆಯಲ್ಲಿ ಆಳದ ಸುಳಿವು ಇಲ್ಲದ ತೊಂದರೆ, ಇಲ್ಲಿ ಅದು ಅಳತೆ ಮೀರಿದ ತೊಂದರೆ.

ಒಂದೇ ದೇಶದ ಪಡೆಗಳಲ್ಲಿ ಎರಡು ವಿರುದ್ಧ ವಿನ್ಯಾಸಗಳು ಅಕ್ಕಪಕ್ಕದಲ್ಲಿ ಬಳಕೆಯಲ್ಲಿರುವುದು ಸಂಶೋಧನೆಯ ದೃಷ್ಟಿಯಿಂದ ದೊಡ್ಡ ಅವಕಾಶ. ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆ ಇರುವುದೂ ಬೆಂಗಳೂರಿನಲ್ಲಿಯೇ. ಒಂದು ಹೆಲ್ಮೆಟ್ಟಿನಿಂದ ಇನ್ನೊಂದಕ್ಕೆ ಹೋಗುವ ಪೈಲಟ್ ನೆಲದ ದೂರವನ್ನು ಅಂದಾಜಿಸುವ ರೂಢಿಯನ್ನು ತಿದ್ದಿಕೊಳ್ಳಲು ಎಷ್ಟು ಹಾರಾಟಗಳು ಬೇಕಾಗುತ್ತವೆ ಎಂಬುದನ್ನು ದಾಖಲಿಸಬೇಕು. ಅಪಾಚೆ ಪೈಲಟ್‌ಗಳ ವಾರ್ಷಿಕ ಕಣ್ಣಿನ ತಪಾಸಣೆಯ ಜೊತೆಗೆ, ಹಾರಾಟ ಮುಗಿಸಿ ಇಳಿದ ಕೂಡಲೇ, ಹೆಲ್ಮೆಟ್ಟನ್ನು ಕಪಾಟಿಗೆ ಇಡುವ ಮೊದಲು, ಫೋಕಸ್ ಉಂಗುರ ಎಲ್ಲಿ ನಿಂತಿದೆ ಎಂಬುದನ್ನೂ ಅಳೆದು ಬರೆದುಕೊಳ್ಳಬೇಕು. ಅದಕ್ಕೆ ಒಂದು ಸಣ್ಣ ದೂರದರ್ಶಕ ಮತ್ತು ಎರಡು ನಿಮಿಷ ಸಾಕು.